ಗೆಲುವು ಯಾರ ಹೆಸರಿಗೆ?

ಕಬಡ್ಡಿಯ ಕಣದಲ್ಲಿ ಒಬ್ಬನೇ ಆಟಗಾರ ಎದುರು ಪಕ್ಷದ ನಾಲ್ವರನ್ನು ಮುಟ್ಟಿ ಗೆರೆ ದಾಟಿ ಬಂದನೆನ್ನೋಣ. ನೋಡುತ್ತ ನಿಂತವರು ಅವನ ಬೆನ್ನು ತಟ್ಟುತ್ತಾರೆ, ಹೆಗಲ ಮೇಲೆ ಹೊತ್ತು ಮೆರೆಸುತ್ತಾರೆ. ಆದರೂ ಪಂದ್ಯದ ಫಲಿತಾಂಶವನ್ನು ಹಲಗೆಯ ಮೇಲೆ ಬರೆಯುವಾಗ ತಂಡದ ಹೆಸರನ್ನೇ ಬರೆಯುತ್ತಾರೆ. ಕ್ರಿಕೆಟ್ಟಿನಲ್ಲಿಯೂ ಹೀಗೆಯೇ. 1974ರಲ್ಲಿ ಕರ್ನಾಟಕವು ಮೊದಲ ಬಾರಿಗೆ ರಣಜಿ ಟ್ರೋಫಿಯನ್ನು ಗೆದ್ದಾಗ ತಂಡದಲ್ಲಿ ಪ್ರಸನ್ನ, ಚಂದ್ರಶೇಖರರಂಥ ಬೌಲರುಗಳಿದ್ದರು. ಅವರು ಎಷ್ಟು ಓವರು ಎಸೆದರು, ಎಷ್ಟು ವಿಕೆಟ್ಟು ಪಡೆದರು ಎಂಬ ಲೆಕ್ಕ ಪುಸ್ತಕದಲ್ಲಿ ಉಂಟು. ಆದರೆ ಆ ಗೆಲುವು ಇಬ್ಬರಲ್ಲಿ ಯಾರದು ಎಂದು ಬರೆಯುವ ಅಂಕಣವು ಆ ಪುಸ್ತಕದಲ್ಲಿ ಇಲ್ಲ. ಅಂಥ ಪ್ರಶ್ನೆಯೇ ನಮಗೆ ಹೊಳೆಯುವುದಿಲ್ಲ.

ಅಮೆರಿಕದ ಜನರು ಬಹುವಾಗಿ ಮೆಚ್ಚುವ ಬೇಸ್‌ಬಾಲ್ ಆಟದಲ್ಲಿ ಮಾತ್ರ ಈ ಪ್ರಶ್ನೆಯನ್ನು ಪ್ರತಿ ಪಂದ್ಯದ ಕೊನೆಗೂ ಕೇಳುತ್ತಾರೆ. ಗೆದ್ದ ತಂಡದಲ್ಲಿ ಚೆಂಡು ಎಸೆದ ಒಬ್ಬನ ಹೆಸರಿಗೆ ಗೆಲುವನ್ನೂ, ಸೋತ ತಂಡದಲ್ಲಿ ಚೆಂಡು ಎಸೆದ ಒಬ್ಬನ ಹೆಸರಿಗೆ ಸೋಲನ್ನೂ ಬರೆಯುತ್ತಾರೆ. ಒಂಬತ್ತು ಮಂದಿ ಕೂಡಿ ಆಡಿದ ಆಟದ ಹೊಣೆಯನ್ನು ಹೀಗೆ ಒಬ್ಬನ ತಲೆಗೆ ಕಟ್ಟುವುದು ಸರಿಯೆ? ಈ ಮಾತನ್ನು ವಿಚಾರಿಸಲು 1968ನೆಯ ಇಸವಿಯ ಆಟದ ಋತುವಿಗಿಂತ ಉತ್ತಮವಾದ ಉದಾಹರಣೆ ನನಗೆ ತೋರದು.

ಮೊದಲು ಆಟದ ಪರಿಚಯವನ್ನು ಮಾಡಿಕೊಳ್ಳೋಣ. ಬೇಸ್‌ಬಾಲ್ ಅಂಗಣದ ಒಳಭಾಗವು ಓರೆಯಾಗಿ ನಿಲ್ಲಿಸಿದ ಚೌಕದಂತಿರುತ್ತದೆ. ಅದರ ಪ್ರತಿಯೊಂದು ಬದಿಯೂ 90 ಅಡಿ. ನಾಲ್ಕು ಮೂಲೆಗಳಲ್ಲಿ ಒಂದು ಮೂಲೆ ಬ್ಯಾಟು ಹಿಡಿದವನು ನಿಲ್ಲುವ ಸ್ಥಳ; ಉಳಿದ ಮೂರು ಮೂಲೆಗಳಿಗೆ ಬೇಸುಗಳೆಂದು ಹೆಸರು. ಚೆಂಡನ್ನು ಹೊಡೆದವನು ಮೂರು ಬೇಸುಗಳನ್ನೂ ಸುತ್ತಿ ಹೊರಟ ಸ್ಥಳಕ್ಕೇ ಮರಳಿದರೆ ಒಂದು ರನ್ನು. ಮೂವರು ಔಟಾದರೆ ಆ ಸರದಿ ಮುಗಿದು ಎದುರು ಪಕ್ಷದವರ ಸರದಿ ಬರುತ್ತದೆ. ಇಬ್ಬರ ಸರದಿಯೂ ಮುಗಿದರೆ ಒಂದು ಇನಿಂಗ್ಸ್. ಇಂಥ ಒಂಬತ್ತು ಇನಿಂಗ್ಸುಗಳಿಗೆ ಒಂದು ಪಂದ್ಯ.

ಚೆಂಡು ಎಸೆಯುವವನಿಗೆ ಪಿಚರ್ ಎಂದು ಹೆಸರು. ಅವನು ನಮ್ಮ ಬೌಲರನಂತೆ ಓಡಿಬಂದು ಎಸೆಯುವಂತಿಲ್ಲ. ಚೌಕದ ನಡುವೆ ಮಣ್ಣಿನಿಂದ ಕಟ್ಟಿದ ತಗ್ಗಾದ ದಿಬ್ಬವೊಂದಿರುತ್ತದೆ. ಅದರ ಮೇಲೆ ಹುಗಿದ ರಬ್ಬರಿನ ಪಟ್ಟಿಗೆ ಕಾಲು ತಾಗಿಸಿ ನಿಂತು ಎಸೆಯಬೇಕು. ಅಲ್ಲಿಂದ ಬ್ಯಾಟುಗಾರನ ಸ್ಥಾನಕ್ಕೆ 60 ಅಡಿ 6 ಅಂಗುಲ. ಈ ಅಳತೆ 1893ರಿಂದ ಬದಲಾಗಿಲ್ಲ. ಚೆಂಡು ನೆಲಕ್ಕೆ ಬಡಿದು ಪುಟಿಯದೆ ಗಾಳಿಯಲ್ಲಿಯೇ ಬ್ಯಾಟುಗಾರನನ್ನು ಮುಟ್ಟುತ್ತದೆ. ಸಮರ್ಥನಾದ ಪಿಚರನ ಕೈಯಿಂದ ಹೊರಟ ವೇಗದ ಚೆಂಡು ಅಷ್ಟು ದೂರವನ್ನು ಕ್ರಮಿಸಲು ಸುಮಾರು ಅರ್ಧ ಸೆಕೆಂಡೂ ಬೇಡ. ಅಷ್ಟರೊಳಗೆ ಬ್ಯಾಟುಗಾರನು ಅದು ನೇರವಾಗಿ ಬರುವುದೋ, ಬಾಗಿ ಬರುವುದೋ, ಹೊಡೆಯತಕ್ಕದ್ದೋ ಬಿಡತಕ್ಕದ್ದೋ ಎಂಬುದನ್ನು ನಿಶ್ಚಯಿಸಬೇಕು. ಅವನ ಭುಜ ಮೊಣಕಾಲುಗಳ ನಡುವೆ, ನಿಯಮಿತವಾದ ಅಗಲದೊಳಗೆ ಹಾದುಹೋಗುವ ಚೆಂಡನ್ನು ಹೊಡೆಯದೆ ಬಿಟ್ಟರೂ, ಬೀಸಿ ತಪ್ಪಿದರೂ ಅದು ಸ್ಟ್ರೈಕ್. ಮೂರು ಸ್ಟ್ರೈಕುಗಳಾದರೆ ಅವನು ಔಟು. ಅಂಥ ಚೌಕಟ್ಟಿನ ಹೊರಗೆ ಪಿಚರನು ನಾಲ್ಕು ಬಾರಿ ಎಸೆದರೆ ಬ್ಯಾಟುಗಾರನು ದಂಡವಾಗಿ ಮೊದಲ ಬೇಸಿಗೆ ನಡೆದು ಹೋಗುತ್ತಾನೆ. ನೂರಕ್ಕೂ ಹೆಚ್ಚು ಬಾರಿ ಹೀಗೆ ತೋಳನ್ನು ಬೀಸಿ ಎಸೆದವನಿಗೆ ಮರುದಿನ ಎಸೆಯಲು ಶಕ್ತಿ ಉಳಿಯುವುದಿಲ್ಲ. ಆದುದರಿಂದ ಪ್ರತಿ ತಂಡದಲ್ಲಿಯೂ ನಾಲ್ಕೈದು ಮಂದಿ ಪಿಚರುಗಳು ಸರದಿಯ ಮೇಲೆ ಪಂದ್ಯವನ್ನು ಆರಂಭಿಸುತ್ತಾರೆ.

ಇನ್ನು ಗೆಲುವಿನ ನಿಯಮ. ಪಂದ್ಯವನ್ನು ಆರಂಭಿಸಿದ ಪಿಚರನು ಕಡಿಮೆಯೆಂದರೆ ಐದು ಇನಿಂಗ್ಸ್ ಎಸೆದಿರಬೇಕು. ಅವನು ಕಣದಲ್ಲಿರುವಾಗ ಅವನ ತಂಡವು ಮುಂದಾಗಿ, ಆ ಮುನ್ನಡೆಯನ್ನು ಕೊನೆಯವರೆಗೆ ಕಳೆದುಕೊಳ್ಳದೆ ಇರಬೇಕು. ಆಗ ಗೆಲುವು ಅವನ ಹೆಸರಿಗೆ. ಹಾಗಾಗದಿದ್ದರೆ ಅವನ ನಂತರ ಬಂದವರಲ್ಲಿ ಒಬ್ಬನಿಗೆ. ಸೋಲಿನ ಲೆಕ್ಕವೂ ಹೆಚ್ಚುಕಡಿಮೆ ಇದೇ ರೀತಿ: ಎದುರು ಪಕ್ಷವನ್ನು ಕೊನೆಯವರೆಗೂ ಮುಂದಿರಿಸಿದ ರನ್ನನ್ನು ಬಿಟ್ಟುಕೊಟ್ಟವನು ಯಾರೋ ಅವನ ಹೆಸರಿಗೆ ಸೋಲು. ಇಲ್ಲಿ ಒಂದು ಅಂಶವನ್ನು ಗಮನಿಸಬೇಕು. ಪಿಚರನು ಎದುರಾಳಿಗೆ ರನ್ನು ಬಾರದಂತೆ ತಡೆಯಬಲ್ಲನೇ ಹೊರತು ತನ್ನ ತಂಡಕ್ಕೆ ರನ್ನು ಬರುವಂತೆ ಮಾಡಲಾರನು. ಅದು ಬ್ಯಾಟುಗಾರರ ಕೆಲಸ. ಗೆಲುವಿಗೆ ಎರಡೂ ಬೇಕು. ಲೆಕ್ಕದಲ್ಲಿ ಹೆಸರು ಮಾತ್ರ ಒಬ್ಬನದು.

ಪಿಚರನ ಸಾಮರ್ಥ್ಯವನ್ನು ಅಳೆಯಲು ಬೇರೊಂದು ಅಳತೆಗೋಲೂ ಉಂಟು. ತನ್ನ ಕಡೆಯ ಆಟಗಾರರ ಎಡವಟ್ಟಿನಿಂದ ಹೋದ ರನ್ನುಗಳನ್ನು ಬಿಟ್ಟು, ಒಂಬತ್ತು ಇನಿಂಗ್ಸಿಗೆ ಅವನು ಸರಾಸರಿ ಎಷ್ಟು ರನ್ನು ಕೊಟ್ಟನು ಎಂಬುದೇ ಅದು. ಮೂರಕ್ಕಿಂತ ಕಡಿಮೆಯಾದರೆ ಅವನನ್ನು ಉತ್ತಮನೆನ್ನುತ್ತಾರೆ. ಎರಡಕ್ಕಿಂತ ಕಡಿಮೆಯಾದರೆ ಅಸಾಧಾರಣನೆನ್ನುತ್ತಾರೆ. ಈ ಎರಡು ಲೆಕ್ಕಗಳೂ ಒಂದೇ ಮನುಷ್ಯನ ವಿಷಯದಲ್ಲಿ ಒಂದೇ ಮಾತನ್ನು ಹೇಳುತ್ತವೆಯೆ ಎಂಬುದೇ ನಮ್ಮ ಮುಂದಿರುವ ಪ್ರಶ್ನೆ.

1968ರಲ್ಲಿ ಅಮೆರಿಕದ ವೃತ್ತಿಪರ ಬೇಸ್‌ಬಾಲಿನಲ್ಲಿ ಎರಡು ಲೀಗುಗಳಿದ್ದವು: ಅಮೆರಿಕನ್ ಲೀಗ್, ನ್ಯಾಷನಲ್ ಲೀಗ್. ಒಂದೊಂದರಲ್ಲಿಯೂ ಹತ್ತು ತಂಡಗಳು. ವಸಂತದಿಂದ ಶರತ್ಕಾಲದವರೆಗೆ ಪ್ರತಿ ತಂಡಕ್ಕೆ 162 ಪಂದ್ಯಗಳು. ಎರಡೂ ಲೀಗುಗಳಲ್ಲಿ ಮೊದಲು ನಿಂತ ತಂಡಗಳು ಅಕ್ಟೋಬರಿನಲ್ಲಿ ಏಳು ಪಂದ್ಯಗಳ ವಿಶ್ವ ಸರಣಿಯಲ್ಲಿ ಎದುರಾಗುತ್ತಿದ್ದವು. ಆ ವರ್ಷ ಅಮೆರಿಕಕ್ಕೆ ಶಾಂತಿಯ ವರ್ಷವಾಗಿರಲಿಲ್ಲ. ಏಪ್ರಿಲ್ 4ರಂದು ಮಾರ್ಟಿನ್ ಲೂಥರ್ ಕಿಂಗ್ ಅವರ ಹತ್ಯೆಯಾಯಿತು. ಶೋಕದಿಂದಾಗಿ ಋತುವಿನ ಆರಂಭವನ್ನೇ ಮುಂದೂಡಬೇಕಾಯಿತು. ಜೂನಿನಲ್ಲಿ ರಾಬರ್ಟ್ ಕೆನಡಿಯವರ ಹತ್ಯೆಯಾಯಿತು. ಡೆಟ್ರಾಯಿಟ್ ನಗರದಲ್ಲಿ ಹಿಂದಿನ ವರ್ಷದ ಜುಲೈ ತಿಂಗಳಲ್ಲಿ ನಡೆದ ಗಲಭೆಯಲ್ಲಿ 43 ಮಂದಿ ಸತ್ತಿದ್ದರು. ಸುಟ್ಟ ಬೀದಿಗಳು ಇನ್ನೂ ಮೊದಲಿನಂತಾಗಿರಲಿಲ್ಲ. ಅದೇ ನಗರದ ಟೈಗರ್ಸ್ ತಂಡವು ಆ ವರ್ಷ 103 ಪಂದ್ಯಗಳನ್ನು ಗೆದ್ದು ಅಮೆರಿಕನ್ ಲೀಗಿನ ಅಗ್ರಸ್ಥಾನಕ್ಕೆ ಬಂದಿತು.

ಆಟದ ಇತಿಹಾಸಕಾರರು ಆ ಋತುವನ್ನು ಪಿಚರುಗಳ ವರ್ಷವೆಂದು ಕರೆಯುತ್ತಾರೆ. ಎರಡೂ ಲೀಗುಗಳಲ್ಲಿ ಬ್ಯಾಟುಗಾರರ ಒಟ್ಟು ಸರಾಸರಿ ಸಾವಿರಕ್ಕೆ 237ಕ್ಕೆ ಇಳಿಯಿತು. ಎಂದರೆ ಸಾವಿರ ಬಾರಿ ಬ್ಯಾಟು ಹಿಡಿದರೆ 237 ಬಾರಿ ಮಾತ್ರ ಯಶಸ್ವಿಯಾದ ಹೊಡೆತ. ಅಮೆರಿಕನ್ ಲೀಗಿನಲ್ಲಿ ಆ ವರ್ಷ ಮೊದಲಿಗನಾಗಿ ನಿಂತ ಬಾಸ್ಟನ್ನಿನ ಕಾರ್ಲ್ ಯಾಸ್ಟ್ರೆಮ್‌ಸ್ಕಿಯ ಸರಾಸರಿ ಸಾವಿರಕ್ಕೆ 301. ಇಷ್ಟು ಕಡಿಮೆ ಅಂಕದಿಂದ ಒಂದು ಲೀಗಿನ ಬ್ಯಾಟಿಂಗ್ ಪಟ್ಟವನ್ನು ಪಡೆದವರು ಅದಕ್ಕೆ ಹಿಂದೆಯೂ ಇಲ್ಲ, ಮುಂದೆಯೂ ಇಲ್ಲ. ಇದಕ್ಕೆ ಕಾರಣಗಳನ್ನು ಹುಡುಕಲು ಬಹಳ ದೂರ ಹೋಗಬೇಕಾಗಿಲ್ಲ. 1963ರಲ್ಲಿ ಸ್ಟ್ರೈಕಿನ ಚೌಕಟ್ಟನ್ನು ಭುಜದ ಮೇಲ್ತುದಿಯಿಂದ ಮೊಣಕಾಲಿನ ಕೆಳತುದಿಯವರೆಗೆ ಹಿಗ್ಗಿಸಿದ್ದರು. ಪಿಚರನು ನಿಲ್ಲುವ ದಿಬ್ಬವು 15 ಅಂಗುಲ ಎತ್ತರವಿರುತ್ತಿತ್ತು. ಎತ್ತರದಿಂದ ಇಳಿದು ಬರುವ ಚೆಂಡನ್ನು ಮಟ್ಟಸವಾಗಿ ಬೀಸುವ ಬ್ಯಾಟಿನಿಂದ ಸರಿಯಾಗಿ ಸಂಧಿಸುವುದು ಕಷ್ಟ. ಬಾವಿಕಟ್ಟೆಯ ಮೇಲೆ ನಿಂತು ಕಲ್ಲೆಸೆದವನಿಗೂ ನೆಲದ ಮೇಲೆ ನಿಂತು ಎಸೆದವನಿಗೂ ಇರುವ ವ್ಯತ್ಯಾಸವನ್ನು ಹಳ್ಳಿಯ ಹುಡುಗರಿಗೆ ವಿವರಿಸಬೇಕಾಗಿಲ್ಲ.

ಆ ಋತುವಿನಲ್ಲಿ ಇಪ್ಪತ್ತು ಅಥವಾ ಅದಕ್ಕಿಂತ ಹೆಚ್ಚು ಗೆಲುವುಗಳನ್ನು ಪಡೆದ ಪಿಚರುಗಳು ಏಳು ಮಂದಿ. ಅವರಲ್ಲಿ ಎಲ್ಲರಿಗಿಂತ ಮೇಲೆ ನಿಂತವನು ಡೆಟ್ರಾಯಿಟಿನ ಡೆನ್ನಿ ಮೆಕ್ಲೇನ್. ಅವನ ಗೆಲುವುಗಳು 31, ಸೋಲುಗಳು 6. ಆಗ ಅವನಿಗೆ 24 ವರ್ಷ. ಪಂದ್ಯವಿಲ್ಲದ ಸಂಜೆಗಳಲ್ಲಿ ಆರ್ಗನ್ ವಾದ್ಯವನ್ನು ನುಡಿಸಿ ಹಣ ಸಂಪಾದಿಸುತ್ತಿದ್ದ, ಮಾತಿನಲ್ಲಿ ಬಿಗುಮಾನವಿಲ್ಲದ, ಹೆಚ್ಚು ನಿದ್ರೆಯನ್ನೂ ಬೇಡದ ತರುಣ. ವರ್ಷದಲ್ಲಿ 41 ಪಂದ್ಯಗಳನ್ನು ಆರಂಭಿಸಿ 336 ಇನಿಂಗ್ಸ್ ಎಸೆದನು. ಅವನಿಗಿಂತ ಮುಂಚೆ ಒಂದು ಋತುವಿನಲ್ಲಿ ಮೂವತ್ತು ಗೆಲುವುಗಳನ್ನು ಪಡೆದಿದ್ದ ಕೊನೆಯ ಪಿಚರನೆಂದರೆ 1934ರ ಡಿಜಿ ಡೀನ್. ಎಂದರೆ 34 ವರ್ಷಗಳ ಅಂತರ.

ಮೂವತ್ತನೆಯ ಗೆಲುವು ಬಂದ ಬಗೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. 1968ರ ಸೆಪ್ಟೆಂಬರ್ 14, ಶನಿವಾರ. ಡೆಟ್ರಾಯಿಟಿನ ಟೈಗರ್ ಸ್ಟೇಡಿಯಮ್ಮಿಗೆ ಡಿಜಿ ಡೀನನೇ ನೋಡಲು ಬಂದಿದ್ದನು. ಎದುರಾಳಿ ಓಕ್‌ಲೆಂಡ್ ತಂಡ. ರೆಜಿ ಜಾಕ್ಸನ್ ಎಂಬ ತರುಣ ಬ್ಯಾಟುಗಾರನು ಮೆಕ್ಲೇನನ ಎಸೆತಗಳಿಗೆ ಎರಡು ಹೋಮ್ ರನ್ ಹೊಡೆದನು. ಚೆಂಡು ಎರಡು ಸಾರಿಯೂ ಅಂಗಣದ ಆಚೆಗೆ ಹೋಗಿ ಬಿದ್ದಿತು. ಒಂಬತ್ತನೆಯ ಇನಿಂಗ್ಸಿನ ಮೊದಲರ್ಧ ಮುಗಿದಾಗ ಓಕ್‌ಲೆಂಡ್ 4, ಡೆಟ್ರಾಯಿಟ್ 3. ಬ್ಯಾಟು ಹಿಡಿಯಲು ಮೆಕ್ಲೇನನ ಸರದಿ. ಪಿಚರುಗಳು ಸಾಮಾನ್ಯವಾಗಿ ಬ್ಯಾಟಿಂಗಿನಲ್ಲಿ ದುರ್ಬಲರು. ಆದುದರಿಂದ ಅವನನ್ನು ಹಿಂದಕ್ಕೆ ಕರೆದು ಹಿರಿಯ ಆಟಗಾರ ಆಲ್ ಕೇಲೈನನನ್ನು ಕಳುಹಿಸಿದರು. ಅಲ್ಲಿಗೆ ಮೆಕ್ಲೇನನ ಆಟ ಮುಗಿಯಿತು. ಇನ್ನು ಅವನು ಮಾಡಬಹುದಾದದ್ದು ಹೊರಗೆ ಕುಳಿತು ನೋಡುವುದಷ್ಟೆ. ಕೇಲೈನನು ದಂಡದ ನಡಿಗೆಯಿಂದ ಮೊದಲ ಬೇಸನ್ನು ಸೇರಿದನು. ಮುಂದೆ ಓಕ್‌ಲೆಂಡಿನ ಆಟಗಾರನೊಬ್ಬನ ಎಸೆತ ತಪ್ಪಿದ್ದರಿಂದ ಅವನೇ ಸಮಬಲದ ರನ್ನನ್ನು ತಂದನು. ಬಳಿಕ ವಿಲ್ಲಿ ಹಾರ್ಟನ್ ಹೊಡೆದ ಚೆಂಡು ಹೊರ ಅಂಗಣದ ಕ್ಷೇತ್ರರಕ್ಷಕನ ತಲೆಯ ಮೇಲಿಂದ ದಾಟಿ ಗೆಲುವಿನ ರನ್ನು ಬಂದಿತು. ಡೆಟ್ರಾಯಿಟ್ 5, ಓಕ್‌ಲೆಂಡ್ 4. ಮೆಕ್ಲೇನನಿಗೆ ಮೂವತ್ತನೆಯ ಗೆಲುವು. ನಾಲ್ಕು ರನ್ನುಗಳನ್ನು ಬಿಟ್ಟುಕೊಟ್ಟ ದಿನ, ಬ್ಯಾಟು ತನ್ನ ಕೈಯಲ್ಲಿಲ್ಲದ ಹೊತ್ತಿನಲ್ಲಿ, ಆ ಗೆಲುವು ಅವನ ಖಾತೆಗೆ ಜಮೆಯಾಯಿತು.

ಇದನ್ನು ಓದಿ ಮೆಕ್ಲೇನನು ಅದೃಷ್ಟದಿಂದ ಮಾತ್ರ ದೊಡ್ಡವನಾದನೆಂದು ಯಾರೂ ತಿಳಿಯಬಾರದು. ಅವನು ಒಂಬತ್ತು ಇನಿಂಗ್ಸಿಗೆ ಬಿಟ್ಟುಕೊಟ್ಟ ಸರಾಸರಿ ರನ್ನು 1.96. ಅಷ್ಟು ಸಲ ದಿಬ್ಬವನ್ನು ಹತ್ತಿ ಅಷ್ಟು ಕಡಿಮೆ ರನ್ನು ಕೊಟ್ಟವನು ಯಾವ ಕಾಲದಲ್ಲಿಯೂ ಶ್ರೇಷ್ಠನೇ. ಆದರೆ ಆ ವರ್ಷ ಅಮೆರಿಕನ್ ಲೀಗಿನಲ್ಲಿ ಎಲ್ಲರಿಗಿಂತ ಹೆಚ್ಚು ರನ್ನು ಗಳಿಸಿದ ತಂಡ ಅವನದಾಗಿತ್ತು ಎಂಬುದನ್ನೂ ಮರೆಯಲಾಗದು.

ಐದು ದಿನಗಳ ನಂತರ ಮೂವತ್ತೊಂದನೆಯ ಗೆಲುವು ಬಂದಿತು. ಅದರಲ್ಲಿ ಒಂದು ಸ್ವಾರಸ್ಯವಿದೆ. ಎದುರಾಳಿ ನ್ಯೂಯಾರ್ಕ್ ಯಾಂಕೀಸ್. ಅವರ ಮಿಕಿ ಮ್ಯಾಂಟಲ್ ಒಂದು ಕಾಲದ ಮಹಾ ಬ್ಯಾಟುಗಾರ. ಈಗ ಮೊಣಕಾಲು ಸೋತು ನಿವೃತ್ತಿಯ ಅಂಚಿನಲ್ಲಿದ್ದನು. ಡೆಟ್ರಾಯಿಟ್ 6–1ರಿಂದ ಮುಂದಿತ್ತು. ಬಾಲ್ಯದಿಂದ ಮ್ಯಾಂಟಲನ ಭಕ್ತನಾಗಿದ್ದ ಮೆಕ್ಲೇನನು ಅವನಿಗೆ ಹೊಡೆಯಲು ಅನುಕೂಲವಾಗುವಂತೆ ಬೇಕೆಂದೇ ಸುಲಭವಾದ ಚೆಂಡನ್ನು ಎಸೆದನು. ಮ್ಯಾಂಟಲನು ಅದನ್ನು ಅಂಗಣದ ಆಚೆಗೆ ಅಟ್ಟಿದನು. ಅದು ಅವನ 535ನೆಯ ಹೋಮ್ ರನ್. ಆಟದ ನೀತಿಯನ್ನು ಬಿಗಿಯಾಗಿ ಹಿಡಿಯುವವರು ಇದು ತಪ್ಪೆನ್ನಬಹುದು. ನಾನಂತೂ ಆ ಒಂದು ಎಸೆತಕ್ಕಾಗಿ ಮೆಕ್ಲೇನನ ಬೇರೆ ಕೆಲವು ದೋಷಗಳನ್ನು ಕ್ಷಮಿಸಲು ಸಿದ್ಧನಿದ್ದೇನೆ.

ಉಳಿದ ಆರು ಮಂದಿಯಲ್ಲಿ ಸ್ಯಾನ್‌ಫ್ರಾನ್ಸಿಸ್ಕೋ ಜಯಂಟ್ಸ್ ತಂಡದ ಹುವಾನ್ ಮರಿಚಾಲನದು ಎರಡನೆಯ ಸ್ಥಾನ: 26 ಗೆಲುವು, 9 ಸೋಲು. ಡೊಮಿನಿಕನ್ ಗಣರಾಜ್ಯದಿಂದ ಬಂದ ಇವನು ಎಸೆಯುವಾಗ ಎಡಗಾಲನ್ನು ತಲೆಗಿಂತ ಮೇಲಕ್ಕೆ ಎತ್ತುತ್ತಿದ್ದನು; ಚೆಂಡು ಎಲ್ಲಿಂದ ಹೊರಟಿತೆಂದು ಬ್ಯಾಟುಗಾರನಿಗೆ ತಿಳಿಯುವುದೇ ಕಷ್ಟವಾಗುತ್ತಿತ್ತು. ಆ ವರ್ಷ 30 ಪಂದ್ಯಗಳನ್ನು ಮೊದಲಿನಿಂದ ಕೊನೆಯವರೆಗೆ ಒಬ್ಬನೇ ಎಸೆದು ಮುಗಿಸಿದನು. ಬಾಲ್ಟಿಮೋರಿನ ಡೇವ್ ಮೆಕ್‌ನ್ಯಾಲಿಗೆ 22 ಗೆಲುವು. ನ್ಯೂಯಾರ್ಕಿನ ಮೆಲ್ ಸ್ಟಾಟಲ್‌ಮೈರನಿಗೆ 21. ಕ್ಲೀವ್‌ಲೆಂಡಿನಲ್ಲಿ ಆಡುತ್ತಿದ್ದ ಕ್ಯೂಬಾ ದೇಶದ ಲೂಯಿಸ್ ಟಿಯಾಂಟನಿಗೂ 21; ಅವನ ರನ್ನಿನ ಸರಾಸರಿ 1.60, ಮೆಕ್ಲೇನನದಕ್ಕಿಂತಲೂ ಕಡಿಮೆ. ಆದರೂ ಹತ್ತು ಗೆಲುವುಗಳು ಹಿಂದೆ.

ಇವರ ನಡುವೆ ಷಿಕಾಗೋ ಕಬ್ಸ್ ತಂಡದ ಫರ್ಗ್ಯುಸನ್ ಜೆಂಕಿನ್ಸನ ಲೆಕ್ಕವನ್ನು ನೋಡಿದಾಗ ಮನಸ್ಸು ಮರುಗುತ್ತದೆ. ಕೆನಡಾ ದೇಶದಿಂದ ಬಂದ ಈ ನೀಳಕಾಯದ ಪಿಚರನಿಗೆ 20 ಗೆಲುವು, 15 ಸೋಲು. ಆ ಹದಿನೈದರಲ್ಲಿ ಐದು ಸೋಲುಗಳು 1–0ರಿಂದ ಬಂದವು. ಎಂದರೆ ಐದು ದಿನ ಅವನ ಕಡೆಯವರು ಒಂದೇ ಒಂದು ರನ್ನನ್ನೂ ಗಳಿಸಲಿಲ್ಲ. ಆ ಐದು ದಿನಗಳಲ್ಲಿ ಇವನು ಇನ್ನೇನು ಮಾಡಬೇಕಾಗಿತ್ತು? ಲಾಸ್ ಏಂಜಲೀಸಿನ ಡಾನ್ ಡ್ರೈಸ್‌ಡೇಲನು ಈ ಏಳು ಮಂದಿಯ ಪಟ್ಟಿಗೆ ಸೇರಲೇ ಇಲ್ಲ. ಮೇ, ಜೂನ್ ತಿಂಗಳುಗಳಲ್ಲಿ ಸತತವಾಗಿ ಆರು ಪಂದ್ಯಗಳಲ್ಲಿ ಎದುರಾಳಿಗಳಿಗೆ ಒಂದು ರನ್ನನ್ನೂ ಕೊಡದೆ, ಒಟ್ಟು 58 ಇನಿಂಗ್ಸುಗಳು ಮತ್ತು ಮೇಲೆ ಎರಡು ಔಟುಗಳವರೆಗೆ ಸೊನ್ನೆಯನ್ನೇ ಬರೆಯಿಸಿದನು. ಆ ದಾಖಲೆಯನ್ನು ಮುರಿಯಲು ಇಪ್ಪತ್ತು ವರ್ಷ ಬೇಕಾಯಿತು. ಅಂಥವನ ವರ್ಷದ ಲೆಕ್ಕ 14 ಗೆಲುವು, 12 ಸೋಲು!

ಏಳು ಮಂದಿಯಲ್ಲಿ ಈವರೆಗೆ ಹೆಸರಿಸದೆ ಉಳಿದವನು ಸೇಂಟ್ ಲೂಯಿಸ್ ಕಾರ್ಡಿನಲ್ಸ್ ತಂಡದ ಬಾಬ್ ಗಿಬ್ಸನ್. ಗೆಲುವು 22, ಸೋಲು 9. ಬರಿಯ ಗೆಲುವಿನ ಪಟ್ಟಿಯನ್ನು ನೋಡಿದವನು ಇವನನ್ನು ಮೆಕ್‌ನ್ಯಾಲಿಯ ಪಕ್ಕದಲ್ಲಿ ಕೂರಿಸಿ ಮುಂದೆ ಸಾಗಿಬಿಡಬಹುದು. ಆದರೆ ಗಿಬ್ಸನ್ ಆ ವರ್ಷ ಒಂಬತ್ತು ಇನಿಂಗ್ಸಿಗೆ ಕೊಟ್ಟ ರನ್ನು 1.12. ಮುನ್ನೂರಕ್ಕೂ ಹೆಚ್ಚು ಇನಿಂಗ್ಸುಗಳಲ್ಲಿ ಅವನ ಲೆಕ್ಕಕ್ಕೆ ಬಂದ ರನ್ನುಗಳು 38 ಮಾತ್ರ. ಅಲ್ಲಿಂದೀಚೆಗೆ ಪೂರ್ಣ ಋತುವೊಂದರಲ್ಲಿ ಯಾವ ಪಿಚರನೂ ಈ ಅಂಕಕ್ಕೆ ಇಳಿದಿಲ್ಲ. 13 ಪಂದ್ಯಗಳಲ್ಲಿ ಎದುರು ತಂಡಕ್ಕೆ ಒಂದು ರನ್ನೂ ದೊರೆಯಲಿಲ್ಲ. ಜೂನ್ ತಿಂಗಳಿನಲ್ಲಿಯೇ ಸತತವಾಗಿ ಐದು ಬಾರಿ ಹೀಗಾಯಿತು. ಅವನು ಆರಂಭಿಸಿದ 34 ಪಂದ್ಯಗಳಲ್ಲಿ ಒಮ್ಮೆಯೂ ಅವನು ಸೋತನೆಂದು ದಿಬ್ಬದ ಮೇಲಿಂದ ಅವನನ್ನು ಇಳಿಸಿದ್ದಿಲ್ಲ. ಆರು ಬಾರಿ ಬ್ಯಾಟಿಂಗಿಗೆ ಬೇರೆಯವರನ್ನು ಕಳುಹಿಸಬೇಕಾಗಿ ಬಂದು ಹಿಂದಕ್ಕೆ ಕರೆದರು. ಉಳಿದ 28 ಪಂದ್ಯಗಳನ್ನು ಅವನೇ ಮುಗಿಸಿದನು.

ಗಿಬ್ಸನ್ ನೆಬ್ರಾಸ್ಕ ರಾಜ್ಯದ ಒಮಾಹ ನಗರದಲ್ಲಿ 1935ರ ನವೆಂಬರಿನಲ್ಲಿ ಜನಿಸಿದನು. ಏಳು ಮಕ್ಕಳಲ್ಲಿ ಕಡೆಯವನು. ಅವನು ಹುಟ್ಟುವ ಮೊದಲೇ ತಂದೆ ತೀರಿಕೊಂಡಿದ್ದನು. ತಾಯಿ ಬಟ್ಟೆ ಒಗೆಯುವ ಕಾರ್ಖಾನೆಯಲ್ಲಿ ದುಡಿದು ಮಕ್ಕಳನ್ನು ಸಾಕಿದಳು. ಬಾಲ್ಯವೆಲ್ಲ ಕಾಯಿಲೆಯಲ್ಲಿ ಕಳೆದ ಈ ಹುಡುಗನಿಗೆ ಆಟವನ್ನು ಕಲಿಸಿದವನು ಹಿರಿಯಣ್ಣ. ಕರಿಯ ಜನಾಂಗಕ್ಕೆ ಸೇರಿದವನಾದುದರಿಂದ ವೃತ್ತಿಜೀವನದ ಆರಂಭದಲ್ಲಿ ಫ್ಲಾರಿಡದ ತರಬೇತಿ ಶಿಬಿರಕ್ಕೆ ಹೋದಾಗ ಬಿಳಿಯ ಸಂಗಡಿಗರು ಇಳಿದುಕೊಂಡ ಹೋಟೆಲಿನಲ್ಲಿ ಅವನಿಗೆ ಸ್ಥಳವಿರಲಿಲ್ಲ. ಒಂದೇ ತಂಡ, ಒಂದೇ ಅಂಗಿ, ಬೇರೆ ಬೇರೆ ಮನೆ. ಮುಂದೆ ಅವನ ಮುಖದಲ್ಲಿ ಸದಾ ಕಾಣುತ್ತಿದ್ದ ಕಾಠಿಣ್ಯಕ್ಕೆ ಎದುರಾಳಿಗಳು ಹೆದರುತ್ತಿದ್ದರು. ಆ ಕಾಠಿಣ್ಯ ಎಲ್ಲಿಂದ ಬಂದಿತೆಂದು ಕೇಳಿದವರು ಕಡಿಮೆ. 1967ರ ಜುಲೈನಲ್ಲಿ ಬ್ಯಾಟಿನಿಂದ ಸಿಡಿದ ಚೆಂಡೊಂದು ತಗುಲಿ ಅವನ ಕಾಲಿನ ಎಲುಬಿಗೆ ಪೆಟ್ಟಾಯಿತು. ಅದರ ಮೇಲೂ ಅವನು ಮತ್ತೆ ಮೂವರು ಬ್ಯಾಟುಗಾರರಿಗೆ ಎಸೆದನು; ಆಮೇಲೆ ಎಲುಬು ಪೂರ್ತಿಯಾಗಿ ಮುರಿಯಿತು. ಅದೇ ವರ್ಷ ಅಕ್ಟೋಬರಿನಲ್ಲಿ ಅದೇ ಕಾಲಿನ ಮೇಲೆ ನಿಂತು ವಿಶ್ವ ಸರಣಿಯ ಮೂರು ಪಂದ್ಯಗಳನ್ನು ಗೆದ್ದುಕೊಟ್ಟನು.

ಅಂಥವನಿಗೆ 1968ರಲ್ಲಿ ಒಂಬತ್ತು ಸೋಲುಗಳು ಹೇಗೆ ಬಂದವು? ಸೆಪ್ಟೆಂಬರ್ 17ರ ಪಂದ್ಯವನ್ನು ನೋಡಿದರೆ ಉತ್ತರ ದೊರೆಯುತ್ತದೆ. ಸ್ಥಳ ಸ್ಯಾನ್‌ಫ್ರಾನ್ಸಿಸ್ಕೋ. ಮೊದಲ ಇನಿಂಗ್ಸಿನಲ್ಲಿಯೇ ರಾನ್ ಹಂಟ್ ಎಂಬುವನು ಗಿಬ್ಸನ್ನನ ಚೆಂಡನ್ನು ಅಂಗಣದ ಆಚೆಗೆ ಹೊಡೆದನು. ಅಷ್ಟೆ, ಬಳಿಕ ಗಿಬ್ಸನ್ ಯಾರಿಗೂ ರನ್ನು ಕೊಡಲಿಲ್ಲ. ಆದರೆ ಎದುರು ಪಕ್ಷದ ಪಿಚರ್ ಗೇಲರ್ಡ್ ಪೆರಿ ಆ ದಿನ ಸೇಂಟ್ ಲೂಯಿಸಿನವರಿಗೆ ಒಂಬತ್ತು ಇನಿಂಗ್ಸುಗಳಲ್ಲಿ ಒಂದು ಹೊಡೆತವನ್ನೂ ದಕ್ಕಗೊಡಲಿಲ್ಲ. ಫಲಿತಾಂಶ 1–0. ಸೋತ ಪಿಚರ್ ಗಿಬ್ಸನ್. ಮೂರು ದಿನಗಳ ಹಿಂದೆ ನಾಲ್ಕು ರನ್ನು ಕೊಟ್ಟ ಮೆಕ್ಲೇನನಿಗೆ ಗೆಲುವು. ಈಗ ಒಂದು ರನ್ನು ಕೊಟ್ಟ ಗಿಬ್ಸನ್ನನಿಗೆ ಸೋಲು. ಇವೆರಡನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿದ ಮೇಲೆ ಗೆಲುವಿನ ಪಟ್ಟಿಯನ್ನು ಓದುವ ನಮ್ಮ ಕಣ್ಣು ಮೊದಲಿನಂತೆ ಇರಲಾರದು. ಮರುದಿನ ಅದೇ ಅಂಗಣದಲ್ಲಿ ಸೇಂಟ್ ಲೂಯಿಸಿನ ರೇ ವಾಷ್‌ಬರ್ನನು ಸ್ಯಾನ್‌ಫ್ರಾನ್ಸಿಸ್ಕೋದವರಿಗೆ ಒಂದು ಹೊಡೆತವನ್ನೂ ಕೊಡದೆ ಸೇಡು ತೀರಿಸಿಕೊಂಡನೆಂಬುದು ಬೇರೆ ಮಾತು.

ವಿಶ್ವ ಸರಣಿಯಲ್ಲಿ ಡೆಟ್ರಾಯಿಟ್, ಸೇಂಟ್ ಲೂಯಿಸ್ ತಂಡಗಳೇ ಎದುರಾದವು. ಮೂವತ್ತೊಂದು ಗೆಲುವಿನ ಮೆಕ್ಲೇನನೂ 1.12ರ ಗಿಬ್ಸನ್ನನೂ ಅಕ್ಟೋಬರ್ 2ರಂದು ಸೇಂಟ್ ಲೂಯಿಸಿನಲ್ಲಿ ಮುಖಾಮುಖಿಯಾದರು. ಆ ದಿನ ಗಿಬ್ಸನ್ 17 ಮಂದಿಯನ್ನು ಮೂರು ಸ್ಟ್ರೈಕುಗಳಿಂದ ಔಟು ಮಾಡಿದನು. ವಿಶ್ವ ಸರಣಿಯ ಪಂದ್ಯವೊಂದರಲ್ಲಿ ಅದಕ್ಕೆ ಹಿಂದಿನ ದಾಖಲೆ 15. ಒಂಬತ್ತನೆಯ ಇನಿಂಗ್ಸಿನಲ್ಲಿ ಅದನ್ನು ಸರಿಗಟ್ಟಿದಾಗ ಜನರೆಲ್ಲರೂ ಎದ್ದು ನಿಂತು ಕೂಗತೊಡಗಿದರು. ಕ್ಯಾಚರ್ ಟಿಮ್ ಮೆಕಾರ್ವರನು ಚೆಂಡನ್ನು ಹಿಂದಿರುಗಿಸದೆ ಅಂಕಫಲಕದ ಕಡೆಗೆ ಕೈ ತೋರಿದನು. ಗಿಬ್ಸನ್ನನಿಗೆ ಅದು ಯಾವುದೂ ಬೇಕಿರಲಿಲ್ಲ. ಚೆಂಡನ್ನು ಬೇಗ ಎಸೆಯುವಂತೆ ಅಸಹನೆಯಿಂದ ಸನ್ನೆ ಮಾಡಿದನು. ಇನ್ನಿಬ್ಬರನ್ನೂ ಹಾಗೆಯೇ ಔಟು ಮಾಡಿ 4–0ರಿಂದ ಪಂದ್ಯವನ್ನು ಮುಗಿಸಿದನು. ನಾಲ್ಕನೆಯ ಪಂದ್ಯದಲ್ಲಿ ಮಳೆಯ ನಡುವೆ ಮತ್ತೆ ಇವರಿಬ್ಬರು. ಮತ್ತೆ ಗಿಬ್ಸನ್ನನದೇ ಜಯ, 10–1. ವಿಶ್ವ ಸರಣಿಗಳಲ್ಲಿ ಅದು ಅವನ ಸತತ ಏಳನೆಯ ಗೆಲುವು.

ಆದರೆ ಡೆಟ್ರಾಯಿಟ್ ಸೋಲನ್ನು ಒಪ್ಪಲಿಲ್ಲ. ಅವರಲ್ಲಿ ಮಿಕಿ ಲೋಲಿಚ್ ಎಂಬ ಎಡಗೈ ಪಿಚರನಿದ್ದನು. ದುಂಡುಮೈ, ಸಾದಾ ಮನುಷ್ಯ. ವರ್ಷವಿಡೀ ಮೆಕ್ಲೇನನ ಹೆಸರಿನ ನೆರಳಿನಲ್ಲಿದ್ದವನು. ಎರಡನೆಯ ಮತ್ತು ಐದನೆಯ ಪಂದ್ಯಗಳನ್ನು ಅವನು ಗೆದ್ದನು. ಆರನೆಯದನ್ನು ಮೆಕ್ಲೇನನು ಗೆದ್ದನು. ಮೂರು–ಮೂರು ಸಮವಾಗಿ, ಅಕ್ಟೋಬರ್ 10ರಂದು ಕೊನೆಯ ಪಂದ್ಯ. ಎರಡೇ ದಿನಗಳ ವಿಶ್ರಾಂತಿಯ ಮೇಲೆ ಲೋಲಿಚ್ ಮತ್ತೆ ದಿಬ್ಬವನ್ನು ಹತ್ತಿದನು, ಎದುರಿಗೆ ಗಿಬ್ಸನ್.

ಆರು ಇನಿಂಗ್ಸುಗಳಾದರೂ ಇಬ್ಬರೂ ರನ್ನು ಬಿಡಲಿಲ್ಲ. ಏಳನೆಯದರಲ್ಲಿ ಗಿಬ್ಸನ್ ಇಬ್ಬರನ್ನು ಔಟು ಮಾಡಿದ ಮೇಲೆ ಡೆಟ್ರಾಯಿಟಿನ ಇಬ್ಬರು ಬೇಸುಗಳನ್ನು ಸೇರಿದರು. ಆಗ ಜಿಮ್ ನಾರ್ತ್‌ರಪ್ ಹೊಡೆದ ಚೆಂಡು ಮಧ್ಯ ಅಂಗಣದ ಕಡೆಗೆ ಏರಿತು. ಅಲ್ಲಿ ನಿಂತಿದ್ದವನು ಕರ್ಟ್ ಫ್ಲಡ್. ಆ ಸ್ಥಾನದಲ್ಲಿ ಆಡುವವರಲ್ಲಿ ಅತ್ಯುತ್ತಮನೆಂದು ಹೆಸರಾದವನು. ಅವನು ಮೊದಲು ಎರಡು ಹೆಜ್ಜೆ ಮುಂದಕ್ಕೆ ಬಂದನು. ಚೆಂಡು ತಾನೆಣಿಸಿದ್ದಕ್ಕಿಂತ ದೂರಕ್ಕೆ ಹೋಗುತ್ತಿದೆಯೆಂದು ತಿಳಿದು ಹಿಂದಿರುಗುವಾಗ ಕಾಲು ಜಾರಿತು. ಚೆಂಡು ಅವನ ತಲೆಯ ಮೇಲಿಂದ ಹಾದುಹೋಯಿತು. ಇಬ್ಬರು ಓಡಿ ಬಂದು ಎರಡು ರನ್ನು. ನಾರ್ತ್‌ರಪ್ ಮೂರನೆಯ ಬೇಸಿನಲ್ಲಿ. ಡೆಟ್ರಾಯಿಟ್ 4–1ರಿಂದ ಪಂದ್ಯವನ್ನೂ ಸರಣಿಯನ್ನೂ ಗೆದ್ದಿತು. ಫ್ಲಡ್ಡನ ಕೈಗೆ ಚೆಂಡು ತಗುಲಿರಲಿಲ್ಲವಾದುದರಿಂದ ಲೆಕ್ಕಿಗರು ಅದನ್ನು ಎಡವಟ್ಟು ಎಂದು ಬರೆಯಲಿಲ್ಲ. ರನ್ನುಗಳು ಗಿಬ್ಸನ್ನನ ಲೆಕ್ಕಕ್ಕೇ ಸೇರಿದವು. ಸೋಲೂ ಅವನ ಹೆಸರಿಗೇ ಸೇರಿತು. ಗಿಬ್ಸನ್ ಫ್ಲಡ್ಡನನ್ನು ದೂರಲಿಲ್ಲ. ಅದೇ ಫ್ಲಡ್ ಮುಂದೆ, ಆಟಗಾರರನ್ನು ಅವರ ಒಪ್ಪಿಗೆಯಿಲ್ಲದೆ ಒಂದು ತಂಡದಿಂದ ಇನ್ನೊಂದಕ್ಕೆ ಮಾರುವ ಪದ್ಧತಿಯ ವಿರುದ್ಧ ಅಮೆರಿಕದ ಸರ್ವೋಚ್ಚ ನ್ಯಾಯಾಲಯದವರೆಗೆ ಹೋರಾಡಿ 1972ರಲ್ಲಿ ಸೋತನು. ಅದು ಬೇರೆಯೇ ಒಂದು ಪಾಠಕ್ಕೆ ವಸ್ತುವಾಗುವಷ್ಟು ದೊಡ್ಡ ಕಥೆ.

ಆ ವರ್ಷ ಎರಡೂ ಲೀಗುಗಳ ಅತ್ಯುತ್ತಮ ಪಿಚರನಿಗೆ ಕೊಡುವ ಸೈ ಯಂಗ್ ಪ್ರಶಸ್ತಿಯನ್ನು ಮೆಕ್ಲೇನನಿಗೂ ಗಿಬ್ಸನ್ನನಿಗೂ ಸರ್ವಾನುಮತದಿಂದ ಕೊಟ್ಟರು. ಇಪ್ಪತ್ತಾರು ಗೆಲುವುಗಳ ಮರಿಚಾಲನಿಗೆ ಒಂದು ಮತವೂ ಬೀಳಲಿಲ್ಲ. ತನ್ನ ಜೀವಮಾನದಲ್ಲಿ ಅವನು ಆ ಪ್ರಶಸ್ತಿಯನ್ನು ಪಡೆಯಲೇ ಇಲ್ಲ. ಗೆಲುವಿನ ಲೆಕ್ಕವನ್ನು ಅಷ್ಟಾಗಿ ನಂಬುತ್ತಿದ್ದ ಕಾಲದಲ್ಲಿಯೂ ನ್ಯಾಷನಲ್ ಲೀಗಿನ ಮತದಾರರು 26ನ್ನು ಬಿಟ್ಟು 22ನ್ನು ಆರಿಸಿದರೆಂಬುದು ಅವರ ವಿವೇಕಕ್ಕೆ ಸಾಕ್ಷಿ.

ಬ್ಯಾಟುಗಾರರು ಹೀಗೆ ಕಂಗೆಟ್ಟುದನ್ನು ಕಂಡು ಆಟದ ಅಧಿಕಾರಿಗಳು 1969ರಿಂದ ದಿಬ್ಬವನ್ನು 15 ಅಂಗುಲದಿಂದ 10 ಅಂಗುಲಕ್ಕೆ ಇಳಿಸಿದರು. ಸ್ಟ್ರೈಕಿನ ಚೌಕಟ್ಟನ್ನೂ ಕಂಕುಳಿನಿಂದ ಮೊಣಕಾಲಿನ ಮೇಲ್ತುದಿಯವರೆಗೆ ಕುಗ್ಗಿಸಿದರು. ಮೆಕ್ಲೇನನು ಆ ವರ್ಷವೂ 24 ಪಂದ್ಯಗಳನ್ನು ಗೆದ್ದನು. ಆದರೆ ಜೂಜಿನವರ ಸಹವಾಸ ಬೆಳೆದು 1970ರಲ್ಲಿ ಅವನನ್ನು ಆಟದಿಂದ ಅಮಾನತುಗೊಳಿಸಿದರು. ತೋಳಿನ ಶಕ್ತಿಯೂ ಕುಂದಿತು. 1972ರಲ್ಲಿ, 28ನೆಯ ವಯಸ್ಸಿನಲ್ಲಿ, ಅವನ ದೊಡ್ಡ ಆಟಗಳು ಮುಗಿದವು. ಮುಂದೆ ಅಪರಾಧಗಳಿಗಾಗಿ ಸೆರೆಮನೆಯನ್ನೂ ಕಂಡನು. ಇದನ್ನು ಬರೆಯದೆ ಬಿಡಬಹುದಾಗಿತ್ತು. ಆದರೆ ಒಬ್ಬನ ಗೆಲುವುಗಳನ್ನು ಎಣಿಸಿ ಕೊಟ್ಟ ಮೇಲೆ ಉಳಿದ ಲೆಕ್ಕವನ್ನು ಮುಚ್ಚಿಡುವುದು ನನಗೆ ಸರಿತೋರಲಿಲ್ಲ.

ಮೆಕ್ಲೇನನ ತರುವಾಯ ಒಂದು ಋತುವಿನಲ್ಲಿ ಮೂವತ್ತು ಗೆಲುವುಗಳನ್ನು ಮುಟ್ಟಿದವರಿಲ್ಲ. ಅತಿ ಹತ್ತಿರ ಬಂದವರು 1972ರಲ್ಲಿ ಸ್ಟೀವ್ ಕಾರ್ಲ್‌ಟನ್, 1990ರಲ್ಲಿ ಬಾಬ್ ವೆಲ್ಚ್, ಇಬ್ಬರಿಗೂ 27. ಕಾರ್ಲ್‌ಟನ್ನನ ತಂಡವು ಆ ವರ್ಷ ಗೆದ್ದ ಪಂದ್ಯಗಳೇ 59! ಈಗಿನ ಪಿಚರುಗಳು ಐದಾರು ಇನಿಂಗ್ಸ್ ಎಸೆದು ಚೆಂಡನ್ನು ಬೇರೆಯವರಿಗೆ ಒಪ್ಪಿಸುತ್ತಾರೆ. ಹೀಗಾಗಿ 2024ರ ಋತುವಿನಲ್ಲಿ ಎಲ್ಲರಿಗಿಂತ ಹೆಚ್ಚು ಗೆದ್ದ ಕ್ರಿಸ್ ಸೇಲ್, ಟಾರಿಕ್ ಸ್ಕೂಬಲ್ ಇಬ್ಬರಿಗೂ ದೊರೆತ ಗೆಲುವುಗಳು ಹದಿನೆಂಟು. ಮತದಾರರ ದೃಷ್ಟಿಯೂ ಬದಲಾಗಿದೆ. 2018ರಲ್ಲಿ ನ್ಯೂಯಾರ್ಕ್ ಮೆಟ್ಸ್ ತಂಡದ ಜೇಕಬ್ ಡಿಗ್ರಾಮನಿಗೆ 10 ಗೆಲುವು, 9 ಸೋಲು; ರನ್ನಿನ ಸರಾಸರಿ 1.70. ಅವನಿಗೇ ಸೈ ಯಂಗ್ ಪ್ರಶಸ್ತಿಯನ್ನು ಕೊಟ್ಟರು. ಐವತ್ತು ವರ್ಷ ಮುಂಚೆ ಹುಟ್ಟಿದ್ದರೆ ಹತ್ತು ಗೆಲುವಿನವನನ್ನು ಯಾರೂ ತಿರುಗಿ ನೋಡುತ್ತಿರಲಿಲ್ಲ.

ಗಿಬ್ಸನ್ 1975ರವರೆಗೆ ಸೇಂಟ್ ಲೂಯಿಸಿಗೇ ಆಡಿ ಒಟ್ಟು 251 ಗೆಲುವುಗಳೊಡನೆ ನಿವೃತ್ತನಾದನು. ಅವನು ತೀರಿಕೊಂಡದ್ದು 2020ರ ಅಕ್ಟೋಬರ್ 2ರಂದು, ಹದಿನೇಳು ಮಂದಿಯನ್ನು ಔಟು ಮಾಡಿದ ಆ ಬುಧವಾರಕ್ಕೆ ಸರಿಯಾಗಿ 52 ವರ್ಷಗಳು ತುಂಬಿದ ದಿನ.